ಎಂಪಿ ಸಾಹೇಬರ ಕೈಗೆ ಕಿಟ್ಲಿ

...ಅಥವಾ ಚಹಾದ ಕಿಟ್ಲಿಯನ್ನು ಎಂಪಿ ಸಾಹೇಬರ ಕೈಗೆ ಕೊಟ್ಟದ್ದು ಮಾವನಲ್ಲವೇ? ಅವರೇ ಎದ್ದು ತೆಗೆದುಕೊಂಡರೇ? ಹೇಳಿ ಹೇಳಿ ಈ ಕಥೆ ಎಷ್ಟು ನುಣುಪಾಗಿದೆಯೆಂದರೆ, ಈಗ ನನಗೇ ಅದರ ಮೇಲೆ ಅನುಮಾನ! ಒಂದು ಮಾತ್ರ ಖಾತ್ರಿ: ದೇಶದ ಸಂಸತ್ತು ನಡೆಯುವುದು ರಾಯಚೂರಿನ ತನ್ನ ಪಡಸಾಲೆಯಿಂದಲೇ ಎಂದು ನಂಬಿದ ಏಕೈಕ ನಿವೃತ್ತ ಬಸ್ ಕಂಡಕ್ಟರ್ ನಮ್ಮ ಸೋದರಮಾವ.

ಅವನ ವಾದ ಸರಳ. "ದಿಲ್ಲಿಗೆ ಹೋದಾವ್ರು ಶಾಣ್ಯಾರ ಇರ್ತಾರಪ್ಪ. ಆದ್ರ ಅವರಿಗೆ ಬೇಡಿಕಿ ಕೊಡಾವ್ರು ಭಾಳ ಮಂದಿ, ತಿಳಿಸಿ ಹೇಳಾವ್ರು ಯಾರದಾರ?" ಹಾಗಾಗಿ ತಿಂಗಳಿಗೊಂದು ಚರ್ಚಾಕೂಟ.

ಮೊದಲನೆಯದು ಮಾತ್ರ ದೇವದುರ್ಗದಲ್ಲಿ. ವಿಷಯ ಹತ್ತಿಯ ಬೆಲೆ. ಎಂಪಿಯ ಆಪ್ತ ಸಹಾಯಕ ಪೆನ್ನು ಹಿಡಿದು ಕೂತಿದ್ದ. ಹತ್ತಿಯಿಂದ ಶುರುವಾದ ಮಾತು ರಸ್ತೆಗೆ ಹೊರಳಿತು, ರಸ್ತೆಯಿಂದ ಯಾರದೋ ಸೊಸೆಯ ವರ್ಗಾವಣೆಗೆ ಹೋಯಿತು, ಕೊನೆಗೆ ಒಬ್ಬರು ಎದ್ದು ಮೊಮ್ಮಗನ ಜವಳಕ್ಕೆ ಎಲ್ಲರನ್ನೂ ಕರೆದರು. ಚಪ್ಪಾಳೆಯೋ ಚಪ್ಪಾಳೆ! ಸಹಾಯಕ ಬರೆದುಕೊಂಡು ಹೋದದ್ದು ಊಟದ ದಿನವೊಂದನ್ನೇ.

ಮಾವ ಕೆರಳಿದ. "ಬಸ್ಸಿಗೆ ಒಂದ ಬೋರ್ಡು, ಸಭಿಗೆ ಒಂದ ವಿಷಯ! ದಾರಿ ಬಿಟ್ಟಾವ್ರು ಎಲ್ಲಾರಿಗೂ ಚಾ ಹಂಚಬೇಕು!"

ಈ ಕಾನೂನು ಬಂದ ಮೇಲೆ ನಮ್ಮ ವಕೀಲರೊಬ್ಬರು ಸಭೆಗೆ ಬಂದರೆ ನೇರವಾಗಿ ಕಿಟ್ಲಿಯ ಪಕ್ಕದಲ್ಲೇ ಕೂರತೊಡಗಿದರು. ತಮ್ಮ ನಾಲಿಗೆ ತಮಗೆ ಗೊತ್ತಿರುವುದಿಲ್ಲವೇ! ಸನ್ಮಾನಕ್ಕೆ ಶಾಲು ತಂದವರಿಗೆ ಮಾವ ಹೇಳುತ್ತಿದ್ದ: "ಮಡಚಿ ಇಡ್ರಿ, ಚಳಿಗಾಲಕ್ಕ ಬರ್ರಿ."

ಕೊನೆಗೊಮ್ಮೆ ಸಾಕ್ಷಾತ್ ಎಂಪಿ ಸಾಹೇಬರೇ ಮಾವನ ಪಡಸಾಲೆಗೆ ಬಂದರು. ವಿಷಯ, ಬೋರಿನ ಫ್ಲೋರೈಡ್ ನೀರು. ಇದು ಮಾವನಿಗೆ ಹತ್ತರಲ್ಲಿ ಹನ್ನೊಂದನೆಯ ವಿಷಯವಾಗಿರಲಿಲ್ಲ. ಅವನ ಅಕ್ಕ, ಅಂದರೆ ನಮ್ಮವ್ವ, ಮಾನ್ವಿ ಕಡೆಯ ಹಳ್ಳಿಯಲ್ಲಿ ಜೀವಮಾನವೆಲ್ಲ ಆ ನೀರನ್ನೇ ಕುಡಿದವಳು. ಮೊಣಕಾಲು ಮಡಚುವುದಿಲ್ಲ, ಕತ್ತು ಎತ್ತಲಾಗುವುದಿಲ್ಲ. ಪ್ರತಿ ಸಭೆಗೂ ಬಂದು ಬಾಗಿಲ ಬಳಿ ಕುರ್ಚಿಯಲ್ಲಿ ಕೂರುವಳು, ತುಟಿ ಬಿಚ್ಚಳು. ಅವಳ ಬಾಯಿಂದಲೇ ಎಂಪಿ ಇದನ್ನು ಕೇಳಬೇಕೆಂಬುದು ಮಾವನ ಆಸೆ.

"ಯಕ್ಕಾ, ಇವತ್ತರ ಹೇಳ ಬೇ."

"ನಾ ಏನ್ ಹೇಳ್ಲೋ? ಮನಿಗೆಲ್ಲ ನಿನ್ನ ಬಾಯಿ ಒಂದ ಸಾಕಾಗೇದ."

ಸಾಹೇಬರು ನೀರಿನಿಂದಲೇ ಆರಂಭಿಸಿದರು. ಸ್ವಲ್ಪ ಹೊತ್ತಿಗೆ ಹೆದ್ದಾರಿಗೆ ಬಂದರು, ಹೆದ್ದಾರಿಯಿಂದ ವಿಮಾನಕ್ಕೆ ಏರಿದರು. ಮಾವ ಎದ್ದು ನಿಂತ.

"ಸಾಹೇಬ್ರ, ಬಸ್ಸು ಬ್ಯಾರೆ ಕಡಿ ಹೊಂಟದ್ರೀ."

"ಅಂದ್ರ?"

"ಕಿಟ್ಲಿ ಅಲ್ಲಿ ಅದ್ರೀ."

ಅಂಗರಕ್ಷಕನಿಗೆ ಕೆಮ್ಮು ಬಂತು. ಸಾಹೇಬರು ಮಾತ್ರ ಜೋರಾಗಿ ನಕ್ಕರು. ಕಿಟ್ಲಿ ಹೇಗೋ ಅವರ ಕೈಯಲ್ಲಿತ್ತು!

ಆಮೇಲೆ ನಡೆದದ್ದನ್ನು ಮಾವನೂ ಊಹಿಸಿರಲಿಲ್ಲ. ಚಹಾ ಹಂಚುವವನು ಒಬ್ಬೊಬ್ಬರ ಮುಂದೆಯೂ ಬಾಗಬೇಕು. ಬಾಗಿದವನ ಕಿವಿ ಹತ್ತಿರವೇ ಇರುತ್ತದೆ. ಮೈಕು ಕಂಡರೆ ಬೆವರುವ ಮಂದಿ ಕಪ್ಪು ಹಿಡಿದುಕೊಂಡು ಮಾತಾಡತೊಡಗಿದರು.

"ನೀರು ಶುದ್ಧ ಮಾಡೋ ಮಷಿನ್ ಕುಂದ್ರಿಸ್ಯಾರ್ರೀ. ಬಾಗ್ಲಾ ತೆಗಿಯಾವ್ರ ಇಲ್ಲ."

"ನಮ್ಮ ಸಾಲಿ ಹುಡುಗ್ರ ಹಲ್ಲು ನೋಡ್ರಿ ಸಾಹೇಬ್ರ. ಫೋಟೊ ತಗಿಯಾಕತ್ರ ಬಾಯಿ ಮುಚ್ಕೊಂತಾವ," ಎಂದರು ಒಬ್ಬ ಟೀಚರಮ್ಮ.

ಸಾಹೇಬರು ಚಹಾ ಸುರಿಯುವುದನ್ನೇ ಮರೆತು ಕೇಳುತ್ತಿದ್ದರು. ಚಹಾ ಆರಿತು, ಯಾರೂ ದೂರಲಿಲ್ಲ.

ಕೊನೆಗೆ ಬಾಗಿಲ ಬಳಿ ಅವ್ವ. ಅವಳು ಕತ್ತು ಎತ್ತಲಾರಳೆಂದು ತಿಳಿದು ಸಾಹೇಬರು ಕಿಟ್ಲಿ ಪಕ್ಕಕ್ಕಿಟ್ಟು ನೆಲದ ಮೇಲೇ ಕೂತರು. ಅವ್ವ ಮಾತಾಡಿದಳು. ಮೆಲ್ಲಗೆ, ಬಹಳ ಹೊತ್ತು. ಜನ್ಮದಲ್ಲಿ ಸುಮ್ಮನಿರದ ಮಾವ ಹೊರಗೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತುಬಿಟ್ಟ.

ನಾನು ಅವ್ವನನ್ನು ಕೇಳಿದೆ. "ಏನ್ ಹೇಳ್ದಿ ಬೇ?"

"ಚಾದಾಗ ಸಕ್ಕರಿ ಜಾಸ್ತಿ ಆಗೇದ ಅಂದೆ."

ಅಷ್ಟಕ್ಕೆ ಸಾಹೇಬರ ಕಣ್ಣು ಕೆಂಪಾಗುತ್ತವೆಯೇ? ಕೆಂಪಾಗಿದ್ದವು ಎಂಬುದಾದರೂ ನಿಜವೇ, ನಾನು ಸೇರಿಸಿದ್ದೇ? ಮಾವ ಅವಳನ್ನು ಈವರೆಗೆ ಕೇಳಿಲ್ಲ. ನಮ್ಮವ್ವ ಅಂದು ಏನು ಹೇಳಿದಳೋ, ನನಗೆ ಗೊತ್ತಿಲ್ಲ.