ಹಿತ್ತಿಲ ಬಾಗಿಲು ತೆರೆಯದಿರುವ ಬಗ್ಗೆ ಗೋಡೆಯಾಚೆಯ ಅಣ್ಣನಿಗೆ

ಇಂದ,
ಅರ್ಜಿದಾರ,
ಗೋಡೆಯ ಈ ಬದಿಯ ಮನೆ.
(ಅಡುಗೆಮನೆಯ ಕಿಟಕಿಯ ಬಳಿ ಯಾವಾಗಲೂ ಸಿಗುತ್ತಾನೆ.)

ಗೆ,
ಶ್ರೀಯುತ ಅಣ್ಣನವರು,
ಕಾಂಕ್ರೀಟ್ ಕಾಮಗಾರಿ ಮೇಲ್ವಿಚಾರಕರು (ನಿವೃತ್ತ),
ಗೋಡೆಯ ಆ ಬದಿಯ ಮನೆ.

ಮಾನ್ಯರೇ,

ವಿಷಯ: ಹಿತ್ತಿಲಿಗೆ ಕಾಂಕ್ರೀಟ್ ಹಾಕಿಸಿದ ತರುವಾಯ ಹಿತ್ತಿಲ ಬಾಗಿಲು ತೆರೆಯದಿರುವ ಬಗ್ಗೆ, ಸ್ವಂತ ಹಿತ್ತಿಲಿಗೆ ಹೋಗಲು ತಮ್ಮ ಅಂಗಳದಲ್ಲಿ ದಾರಿ ಕೋರಿ, ಹಾಗೂ ಇತರೆ.

ಉಲ್ಲೇಖ:
1) ಏಳು ವರ್ಷಗಳ ಹಿಂದೆ ಅರ್ಜಿದಾರನ ಹೊಸ ಮನೆಯ ಹಾಲ್‌ನಲ್ಲಿ ನಡೆದ ಮಾತುಕತೆ (ಮೌಖಿಕ. ಸಾಕ್ಷಿಗಳು: ಅರ್ಜಿದಾರನ ಹೆಂಡತಿಯ ಕಡೆಯ ಹದಿನಾಲ್ಕು ಮಂದಿ).
2) ಕಳೆದ ತಿಂಗಳು ತಾವು ತಾರಸಿಯ ಮೇಲೆ ಅತ್ತಿಗೆಯವರಿಗೆ ಹೇಳಿದ, ಅತ್ತಿಗೆಯವರಿಗೆ ಯಾವ ಸಂಬಂಧವೂ ಇಲ್ಲದ ಮಾತು.
3) ಹನ್ನೆರಡು ದಿನ ಬೆಳಿಗ್ಗೆ ಸಂಜೆ ಗೋಡೆಯ ಮೇಲಿಂದ ಇಣುಕಿದ ತಮ್ಮ ನೀರಿನ ಪೈಪು.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಅರ್ಜಿದಾರನು ತಮ್ಮ ಒಡಹುಟ್ಟಿದವನಾಗಿದ್ದು, ಇಪ್ಪತ್ತೊಂಬತ್ತು ವರ್ಷಗಳಿಂದ ಕಚೇರಿಯೊಂದರಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂತ ಗುಮಾಸ್ತನಾಗಿರುತ್ತಾನೆ. ಜನ ಅಳುತ್ತ ಬಂದರೂ, ಜಗಳವಾಡುತ್ತ ಬಂದರೂ 'ಬರೆದು ಕೊಡಿ' ಎಂದು ಹೇಳಿ ಹೇಳಿಯೇ ಆತನ ತಲೆ ನರೆತಿದೆ. ಈಗ ಸರದಿ ಆತನದೇ ಆಗಿರುವ ಕಾರಣ, ಮತ್ತು ಎದುರು ನಿಂತು ಕೇಳಲು ನಾಲಗೆ ಏಳದ ಕಾರಣ, ಈ ಅರ್ಜಿ. ಇದರಲ್ಲಿ 'ನಾನು' ಎಂದು ಬರೆಯಲು ಎರಡು ಸಲ ಪ್ರಯತ್ನಿಸಿ ಎರಡು ಹಾಳೆ ಹರಿದುಹಾಕಲಾಗಿದೆ. ಆದ್ದರಿಂದ 'ಅರ್ಜಿದಾರ' ಎಂದೇ ಮುಂದುವರಿಸಲಾಗಿದೆ.

1. ಅಮ್ಮ ಇರುವುದು ಅರ್ಜಿದಾರನ ಮನೆಯಲ್ಲಿ. (ತಮಗೆ ಗೊತ್ತಿದೆ, ಕಡತ ಪೂರ್ತಿಯಾಗಲೆಂದು ಬರೆಯಲಾಗಿದೆ.) ಹೋದ ವರ್ಷದವರೆಗೂ ವಾರಕ್ಕೆರಡು ಸಲ ಮುಂಬಾಗಿಲಿನಿಂದ ಇಳಿದು, ಬೀದಿ ಸುತ್ತಿ, ತಮ್ಮ ಮನೆಗೆ ಬಂದು ಅತ್ತಿಗೆಯವರ ಜೊತೆ ಹರಟಿ ಹೋಗುತ್ತಿದ್ದರು. ಈ ವರ್ಷ ಮೊಣಕಾಲು ಮುಷ್ಕರ ಹೂಡಿದ ಕಾರಣ ಮೆಟ್ಟಿಲು ಇಳಿಯುವಂತಿಲ್ಲ. ದಿನಾ ಬೆಳಗಿನ ಬಿಸಿಲಿಗೆ ಕೂರಿಸಿ ಎಂದು ಡಾಕ್ಟರು ಹೇಳಿದರು. ಬಿಸಿಲು ಧಾರಾಳವಾಗಿ ಬೀಳುವುದು ಹಿತ್ತಿಲಿನಲ್ಲಿ. ಆದರೆ ಅಲ್ಲಿ ಕಲ್ಲು, ಗುಂಡಿ, ಕಳೆ. ಕುರ್ಚಿ ಇಟ್ಟರೆ ಒಂದು ಕಾಲು ಗಾಳಿಯಲ್ಲಿ. ಕಾರಣ, ಹೊಸ್ತಿಲಿಗಿಂತ ಒಂದು ಬೆರಳು ತಗ್ಗಿಗೆ ಸಮನಾಗಿ ಕಾಂಕ್ರೀಟ್ ಹಾಕಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು.

2. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮೂವತ್ತೆರಡು ವರ್ಷ ಕಾಂಕ್ರೀಟಿನ ಜೊತೆ ಸಂಸಾರ ಮಾಡಿದವರು ಗೋಡೆಯಾಚೆ, ಹತ್ತು ಅಡಿ ದೂರದಲ್ಲಿ, ನಿಂತು ಹಲ್ಲುಜ್ಜುತ್ತಿದ್ದರು. ಒಂದು ಮಾತು ಕೇಳಿದ್ದರೆ ಮುಗಿದಿತ್ತು. ಕೇಳಲಿಲ್ಲ. ಇದಕ್ಕೆ ಉಲ್ಲೇಖ (1) ಕಾರಣ. ಮನೆ ಕಟ್ಟಿ ಮುಗಿದ ದಿನ ಹೆಂಡತಿಯ ಕಡೆಯವರೆಲ್ಲ ಸೇರಿದ್ದಾಗ ತಾವು ಹಾಲ್‌ನ ನಡುವೆ ಒಂದು ನಿಂಬೆಹಣ್ಣು ಇಟ್ಟಿರಿ. ಅದು ಯಾರನ್ನೂ ಕೇಳದೆ ಉರುಳುತ್ತ ಹೋಗಿ ಅಡುಗೆಮನೆ ಸೇರಿತು. ಮಾವನವರು ನಕ್ಕರು. ಅರ್ಜಿದಾರನ ಮುಖ ಕೆಂಪಾಯಿತು. "ನಿನ್ನ ಮೇಸ್ತ್ರಿತನ ನಿನ್ನ ಮನೇಲಿಟ್ಕೋ. ಕೇಳಿದಾಗ ಹೇಳಿದ್ರೆ ಸಾಕು," ಎಂದುಬಿಟ್ಟ. ತಾವು "ಆಯ್ತಪ್ಪಾ. ಕೇಳಿದಾಗಲೇ ಹೇಳ್ತೀನಿ," ಎಂದು ಚಪ್ಪಲಿ ಮೆಟ್ಟಿ ಹೋದಿರಿ. ಅಂದಿನಿಂದ ತಾವೂ ಹೇಳಿಲ್ಲ, ಇವನೂ ಕೇಳಿಲ್ಲ. ಎರಡು ಹಿತ್ತಿಲುಗಳ ನಡುವಿನ ಗೋಡೆಯಲ್ಲಿದ್ದ ಸಣ್ಣ ಗೇಟಿಗೆ ಮರುವಾರ ಈ ಕಡೆಯಿಂದ ಒಂದು ಬೀಗ, ಅದರ ಮರುದಿನ ಆ ಕಡೆಯಿಂದ ಒಂದು ಬೀಗ ಬಿತ್ತು.

3. ಸದರಿ ಪರಿಸ್ಥಿತಿಯಲ್ಲಿ ಹೊರಗಿನ ಗುತ್ತಿಗೆದಾರನನ್ನು ಹುಡುಕಲಾಯಿತು. ಆತನ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರೂ 'ಆಗೋಯ್ತು ಸಾರ್' ಎಂದೇ ಕರೆಯುತ್ತಾರೆ. ಏನು ಕೇಳಿದರೂ ಆತನ ಉತ್ತರ ಅದೊಂದೇ. ಇಸ್ತ್ರಿ ಮಾಡಿದ ಬಿಳಿ ಶರಟು, ಕಿವಿಗಂಟಿದ ಫೋನು. ಹಿತ್ತಿಲನ್ನು ಹೆಜ್ಜೆಯಲ್ಲಿ ಅಳೆದ. ಟೇಪು ಬೇಡವೇ ಎಂದರೆ, ಟೇಪು ಹಿಗ್ಗುತ್ತದೆ, ಹೆಜ್ಜೆ ಹಿಗ್ಗುವುದಿಲ್ಲ ಎಂದ. ಮಟ್ಟ ನೋಡಲು ರಸಮಟ್ಟ ತರುವುದಿಲ್ಲವೇ ಎಂದರೆ, ಗಾಜಿನೊಳಗೆ ಗುಳ್ಳೆ ಓಡುವ ಆ ಪಟ್ಟಿಯೆಲ್ಲ ಕಲಿಯುವವರಿಗೆ, ತನ್ನ ಕಣ್ಣೇ ರಸಮಟ್ಟ ಎಂದ. ಹೇಳುವಾಗ ಆ ಕಣ್ಣು ಫೋನಿನ ಮೇಲಿತ್ತು.

ಸೋಮವಾರ ಶುರು ಎಂದು ಹೋದ. ಯಾವ ಸೋಮವಾರ ಎಂದು ಕೇಳದೇ ಇದ್ದದ್ದು ಅರ್ಜಿದಾರನ ತಪ್ಪು. ನಾಲ್ಕನೆಯ ಸೋಮವಾರ ಇಬ್ಬರು ಕೆಲಸದವರೊಂದಿಗೆ ಬಂದ. ಮನೆ ಎರಡೂ ಪಕ್ಕದಲ್ಲಿ ಕಾಂಪೌಂಡಿಗೆ ಅಂಟಿಕೊಂಡಿದ್ದು ಹಿತ್ತಿಲಿಗೆ ಬೇರೆ ದಾರಿ ಇಲ್ಲದಿರುವ ಕಾರಣ, ಮರಳು, ಜಲ್ಲಿ, ಸಿಮೆಂಟು ಎಲ್ಲವೂ ಹಾಲ್ ಮೂಲಕ, ಅಡುಗೆಮನೆ ಮೂಲಕ, ಬಾಂಡ್ಲಿಗಳಲ್ಲಿ ಮೆರವಣಿಗೆ ಹೋದವು. ಸೋಫಾದ ಸಂದಿಯಲ್ಲಿ ಇಂದಿಗೂ ಜಲ್ಲಿ ಸಿಗುತ್ತಿದೆ.

4. ಈಗ ಉಲ್ಲೇಖ (2). ಇದನ್ನು ಬಿಟ್ಟು ಬರೆದಿದ್ದರೆ ತಪ್ಪೆಲ್ಲ ಗುತ್ತಿಗೆದಾರನ ತಲೆಗೆ ಬೀಳುತ್ತಿತ್ತು, ಅರ್ಜಿಯೂ ಚೆನ್ನಾಗಿ ಕಾಣುತ್ತಿತ್ತು. ಆದರೆ ಸುಳ್ಳು ಮಾಹಿತಿ ಕೊಟ್ಟ ಅರ್ಜಿಗಳನ್ನು ಅರ್ಜಿದಾರನೇ ಎಷ್ಟೋ ಸಲ ವಾಪಸು ಕಳಿಸಿದ್ದಾನೆ.

ಅಂದು ಕೆಲಸದವರು ಹಿತ್ತಿಲ ಸುತ್ತ ಕಾಂಕ್ರೀಟಿನ ಮಟ್ಟಕ್ಕೆ ಹಲಗೆ ನಿಲ್ಲಿಸಿ ಮುಗಿಸಿದ್ದರು. ಕಣ್ಣಿನ ರಸಮಟ್ಟದ ಪ್ರಕಾರ ಅದು ಹೊಸ್ತಿಲಿಗಿಂತ ಒಂದು ಬೆರಳು ತಗ್ಗು. ನಿಜದಲ್ಲಿ ಮೂರು ಇಂಚು ಎತ್ತರ. ತಾವು ತಾರಸಿಯ ಮೇಲೆ ಅತ್ತಿಗೆಯವರ ಜೊತೆ ಬಟ್ಟೆ ಒಣಹಾಕುತ್ತಿದ್ದಿರಿ. ಬೀದಿಯ ಕೊನೆಗೂ ಕೇಳುವ ದನಿಯಲ್ಲಿ ತಾವು ಅವರಿಗೆ ಹೇಳಿದ್ದು ಹೀಗಿದೆ:

"ನೋಡೇ, ನಮ್ಮನೆ ಹಿಂದಿನ ಬಾಗ್ಲು ಒಳಗಡೆ ತೆಗೆಯುತ್ತೆ, ಪುಣ್ಯ. ಹೊರಗಡೆ ತೆಗೆಯೋ ಬಾಗ್ಲು ಇರೋರು ನೆಲ ಏರಿಸೋಕೆ ಮುಂಚೆ ಒಂದ್ಸಲ ತೆಗೆದು ನೋಡ್ಬೇಕು."

"ಇದನ್ನ ನನಗ್ಯಾಕೆ ಹೇಳ್ತೀರಿ? ಆ ತುದಿ ಹಿಡ್ಕೊಳ್ಳಿ," ಎಂದರು ಅತ್ತಿಗೆ.

ಅರ್ಜಿದಾರನಿಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ಅರ್ಥವೂ ಆಯಿತು. ಆದರೆ ಅದೇ ಗಳಿಗೆಯಲ್ಲಿ ಆ ನಿಂಬೆಹಣ್ಣೂ, ಮಾವನವರ ನಗೆಯೂ ನೆನಪಾಗಿ ಮೈಯೆಲ್ಲ ಉರಿಯಿತು. ಆತ ಗುತ್ತಿಗೆದಾರನ ಕಡೆ ತಿರುಗಿ, ತಾರಸಿಗೂ ಕೇಳುವಷ್ಟು ಗಟ್ಟಿಯಾಗಿ, "ಇನ್ನೂ ಎರಡು ಇಂಚು ಏರಿಸ್ರಿ," ಎಂದ.

"ಆಗೋಯ್ತು ಸಾರ್."

ಗುತ್ತಿಗೆದಾರ ತನ್ನ ಜೀವಮಾನದಲ್ಲಿ ಹೇಳಿದಂತೆಯೇ ಮಾಡಿದ ಕೆಲಸ ಇದೊಂದೇ ಇರಬೇಕು.

5. ಕಾಂಕ್ರೀಟ್ ಹಾಕುವವರು ದೂರದ ಮೂಲೆಯಿಂದ ಶುರುಮಾಡಿ ಹಿಂದೆ ಹಿಂದೆ ಸರಿಯುತ್ತ ಬಾಗಿಲ ಬಳಿ ಮುಗಿಸುತ್ತಾರೆ. ಇದು ಮಾಡದವರಿಗೂ ಗೊತ್ತು. ಇವರು ಬಾಗಿಲು ಮುಚ್ಚಿ, ಬಾಗಿಲಿನಿಂದಲೇ ಶುರುಮಾಡಿ, ತಮ್ಮ ಗೋಡೆಯ ಬುಡದಲ್ಲಿ ಮುಗಿಸಿದರು. ಸಂಜೆ ನೋಡಿದರೆ ಮುಂದೆ ಹಸಿ ಕಾಂಕ್ರೀಟು, ಹಿಂದೆ ಆಳೆತ್ತರದ ಗೋಡೆ, ನಡುವೆ ಕರಣೆ ಹಿಡಿದು ನಿಂತ ಮೂವರು, ಅದರಲ್ಲಿ ಒಬ್ಬರದು ಬಿಳಿ ಶರಟು. ತಾವು ಆ ಕಡೆ ಸ್ಟೂಲು ಇಟ್ಟು, ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸಿಕೊಂಡು, ಕುಡಿಯಲು ನೀರು ಕೊಟ್ಟು, ಬೀದಿಗೆ ಬಿಟ್ಟು ಬಂದಿರೆಂದು ತಿಳಿದುಬಂದಿದೆ. ಅಂದಿನಿಂದ ಗುತ್ತಿಗೆದಾರ ಫೋನಿಗೂ ಸಿಕ್ಕಿಲ್ಲ, ಕೈಗೂ ಸಿಕ್ಕಿಲ್ಲ.

6. ಮರುದಿನ ಬೆಳಿಗ್ಗೆ ಕಾಂಕ್ರೀಟಿಗೆ ನೀರುಣಿಸಲೆಂದು ಅರ್ಜಿದಾರ ಬಕೆಟ್ಟು ಹಿಡಿದು ಹೋಗಿ ಬಾಗಿಲು ತಳ್ಳಿದ. ಬಾಗಿಲು ಅಲುಗಲಿಲ್ಲ. ಭುಜ ಕೊಟ್ಟು ತಳ್ಳಿದ. ಹೆಂಡತಿ ಬಂದು ಅರ್ಜಿದಾರನನ್ನು ತಳ್ಳಿದಳು. ಬಾಗಿಲಿನ ಕೆಳಗಿನ ಐದು ಇಂಚಿಗೆ ಕಾಂಕ್ರೀಟು ಎದೆ ಕೊಟ್ಟು ನಿಂತಿತ್ತು. ಅಂಗಳ ಕೇಳಿದ್ದಕ್ಕೆ ಕಟ್ಟೆ ಸಿಕ್ಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬಡಗಿಯನ್ನು ಕರೆಸಲಾಯಿತು. ಆತ ನೋಡಿದ, ನೆಲದ ಮೇಲೆ ಕೂತ, ನಕ್ಕ, ನೀರು ಕೇಳಿ ಕುಡಿದ, ಮತ್ತೆ ನಕ್ಕ. ಆತನ ವರದಿಯ ಸಾರಾಂಶ: ಬಾಗಿಲಿನ ತಿರುಗಣೆಗಳು ಹೊರಗಿವೆ, ಏನೇ ಮಾಡುವುದಿದ್ದರೂ ಹೊರಗಿನಿಂದ ಮಾಡಬೇಕು, ಹೊರಗೆ ಹೋಗಲು ಬಾಗಿಲು ತೆರೆಯಬೇಕು.

7. ಹೊಸ ಕಾಂಕ್ರೀಟಿಗೆ ನೀರಿಲ್ಲದಿದ್ದರೆ ಬಿರುಕು ಬಿಡುತ್ತದೆಂದು ಅರ್ಜಿದಾರನಿಗೆ ಗೊತ್ತಿತ್ತು. ಕಿಟಕಿಯ ಕಂಬಿಯಿಂದ ಚೊಂಬಿನಲ್ಲಿ ನೀರೆರಚಿ ನೋಡಿದ. ಅದು ನಾಲ್ಕು ಅಡಿಯಾಚೆ ಹೋಗಲಿಲ್ಲ. ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಹೊರಗೆ ಸಣ್ಣ ಮಳೆ ಬಿದ್ದಂಥ ಸದ್ದು. ನೋಡಿದರೆ ಗೋಡೆಯ ಮೇಲೆ ಒಂದು ಹಸಿರು ಪೈಪು. ಅದರ ಬಾಯಿಗೆ ಒಂದು ಹೆಬ್ಬೆರಳು ಒತ್ತಿ ಹಿಡಿದಿತ್ತು, ನೀರು ಹೂವಿನ ಗಿಡಕ್ಕೆ ಹಾಕಿದಂತೆ ಮೆತ್ತಗೆ ಇಡೀ ಕಟ್ಟೆಯ ಮೇಲೆ ಬೀಳುತ್ತಿತ್ತು. ಆ ಹೆಬ್ಬೆರಳನ್ನು ಅರ್ಜಿದಾರ ಸಾವಿರದಲ್ಲಿ ಗುರುತಿಸಬಲ್ಲ. ಅದರ ಉಗುರು ಕಪ್ಪಾದದ್ದು ಆತನ ಓದುವ ಮೇಜಿಗೆ ತಾವು ಮೊಳೆ ಹೊಡೆಯುವಾಗ.

ಹನ್ನೆರಡು ದಿನ, ದಿನಕ್ಕೆರಡು ಸಲ. ಒಂದು ಬಿರುಕೂ ಬಿಟ್ಟಿಲ್ಲ. ಅರ್ಜಿದಾರನಿಗೆ ನಾಚಿಕೆಯಾಯಿತು. ಇದಕ್ಕೆ ಕಚೇರಿ ಭಾಷೆಯಲ್ಲಿ ಬೇರೆ ಪದ ಹುಡುಕಲಾಗಿ, ಸಿಗಲಿಲ್ಲ.

8. ಇತ್ತ ಅಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬೀಳುವ ಅಂಗೈಯಗಲ ಬಿಸಿಲಿನಲ್ಲಿ ಕಾಲು ಚಾಚಿ ಕೂರುತ್ತಿದ್ದಾರೆ. ಬಿಸಿಲು ಸರಿದಂತೆ ಕಾಲೂ ಸರಿಯುತ್ತದೆ. ಕಾಲು ಒಲೆಯ ಹತ್ತಿರ ಬಂದಾಗ ಅರ್ಜಿದಾರನ ಹೆಂಡತಿ ಅದನ್ನು ದಾಟಿಕೊಂಡು ಓಡಾಡುತ್ತಾಳೆ. ಗೋಡೆಯಾಚೆ ತಾವು ಕೆಮ್ಮಿದರೆ ಅಮ್ಮ ಕಿವಿ ನಿಮಿರಿಸುತ್ತಾರೆ. ಆರು ತಿಂಗಳಿಂದ ಅವರು ತಮ್ಮ ಮುಖ ನೋಡಿಲ್ಲ. ತಾವು ಈ ಮೆಟ್ಟಿಲು ಹತ್ತುವುದಿಲ್ಲ, ಅವರು ಇಳಿಯುವಂತಿಲ್ಲ.

ಮೊನ್ನೆ ಅವರು ಅರ್ಜಿದಾರನನ್ನು ಕರೆದು ಎದುರು ಕೂರಿಸಿಕೊಂಡು ಹೇಳಿದರು: "ಕೇಳಿದಾಗ ಹೇಳ್ತೀನಿ ಅಂದಿದ್ದಾನಲ್ಲೋ ಅವನು. ಏಳು ವರ್ಷದಿಂದ ಕಾಯ್ತಾ ಇದ್ದಾನೆ. ಹೋಗಿ ಕೇಳು."

ನೀವೇ ಕಿಟಕಿಯಿಂದ ಕೂಗಿ ಹೇಳಿಬಿಡಿ ಅಮ್ಮಾ ಎಂದು ಅರ್ಜಿದಾರ ಗೋಗರೆದ.

"ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ? ಊರವರಿಗೆಲ್ಲ ಬರೆದು ಕೊಡಿ ಅಂತೀಯಲ್ಲ. ನೀನೂ ಬರೆದು ಕೊಡು."

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಮಾನ್ಯರಲ್ಲಿ ವಿನಂತಿಸುವುದೇನೆಂದರೆ:

ಅ) ಗೋಡೆಯ ಗೇಟಿನ ಬೀಗಗಳನ್ನು ತೆಗೆದು, ತಮ್ಮ ಅಂಗಳದ ಮೂಲಕ ಅಮ್ಮನನ್ನು ಹಿತ್ತಿಲಿಗೆ ಕರೆದೊಯ್ಯಲು ಅನುಮತಿ ನೀಡಬೇಕು. ಈ ಕಡೆಯ ಬೀಗವೂ ಈಗ ಬಾಗಿಲಿನಾಚೆ ಉಳಿದಿರುವುದರಿಂದ, ತಾವೇ ಸ್ಟೂಲು ಹತ್ತಿ, ಗೋಡೆಯ ಮೇಲಿಂದ ಬಗ್ಗಿ, ಲಗತ್ತಿಸಿದ ಕೀಲಿಯಿಂದ ತೆಗೆಯಬೇಕು. ಗೇಟು ತಮ್ಮ ಕಡೆಗೇ ತೆರೆಯುವುದರಿಂದ ಅದಕ್ಕೆ ಕಟ್ಟೆ ಅಡ್ಡ ಬರುವುದಿಲ್ಲ.

ಆ) ಸದರಿ ಕಟ್ಟೆಯನ್ನು ಖುದ್ದಾಗಿ ಪರಿಶೀಲಿಸಿ, ಒಡೆಯಬೇಕೋ, ಬಾಗಿಲು ಕೊಯ್ಯಬೇಕೋ, ಏನು ಮಾಡಬೇಕೆಂದು ಹೇಳಬೇಕು. ಅರ್ಜಿದಾರ ಟೇಪಿನ ಆ ತುದಿ ಹಿಡಿದು ಬಾಯಿ ಮುಚ್ಚಿಕೊಂಡು ನಿಲ್ಲುತ್ತಾನೆ. ಇದನ್ನು ಕೇಳಿದಂತೆಯೇ ಎಂದು ಪರಿಗಣಿಸಬೇಕು. ಸಂಶಯ ಬಾರದಿರಲೆಂದು ಇನ್ನೊಮ್ಮೆ: ಅಣ್ಣಾ, ಕೇಳುತ್ತಿದ್ದೇನೆ.

ಇ) ಪರಿಶೀಲನೆಯ ವೇಳೆ ಬೈಯುವುದು ಅನಿವಾರ್ಯವಾದಲ್ಲಿ, ಅತ್ತಿಗೆಯವರ ಮುಖಾಂತರ ಬೈಯದೆ ಅರ್ಜಿದಾರನಿಗೇ ನೇರವಾಗಿ ಬೈಯಬೇಕು. ಅವರಿಗೂ ಬೇರೆ ಕೆಲಸವಿರುತ್ತದೆ.

ಈ) ಉಲ್ಲೇಖ (1)ರ ಅರ್ಜಿದಾರನ ಮಾತನ್ನು ಬೇಷರತ್ತಾಗಿ ಹಿಂಪಡೆಯಲಾಗಿದ್ದು, ನಿಂಬೆಹಣ್ಣಿನ ವರದಿ ಸರಿಯೆಂದು ಒಪ್ಪಲಾಗಿದೆ. ಏಳು ವರ್ಷಗಳಿಂದ ನೆಲ ಒರೆಸಿದ ನೀರು ಅಡುಗೆಮನೆಗೇ ಬರುತ್ತಿದೆ.

ಇಂತಿ ತಮ್ಮ ವಿಶ್ವಾಸಿಯೂ, ಏಳು ವರ್ಷ ತಡವಾಗಿ ಬಂದವನೂ ಆದ,
ಅರ್ಜಿದಾರ
(ಸಹಿ ಮಾಡಲಾಗಿದೆ. ಅಮ್ಮನ ಹೆಬ್ಬೆಟ್ಟು ಕೇಳಿದ್ದಕ್ಕೆ, ನನಗೆ ಬರೆಯೋಕೆ ಬರುತ್ತೆ ಎಂದು ಅವರೂ ಸಹಿ ಹಾಕಿದ್ದಾರೆ.)

ಲಗತ್ತುಗಳು:
1. ಗೇಟಿನ ಈ ಕಡೆಯ ಬೀಗದ ಕೀಲಿ, ಒಂದು.
2. ಬಡಗಿಯ ವರದಿ (ನಗು ಬಿಟ್ಟು).
3. ಸೋಫಾದಲ್ಲಿ ಸಿಕ್ಕ ಜಲ್ಲಿ, ಒಂದು ಹಿಡಿ. ತಮ್ಮ ಪರೀಕ್ಷೆಗೆ.
4. ಹರಿದುಹಾಕಿದ ಎರಡು ಹಾಳೆಗಳು, ಅಂಟಿಸಿ.

ವಿಶೇಷ ಸೂಚನೆ: ಅನುಮತಿ ದೊರೆತಲ್ಲಿ ಅಮ್ಮನನ್ನು ಕುರ್ಚಿಯ ಸಮೇತ ಮುಂಬಾಗಿಲಿನ ಮೆಟ್ಟಿಲು ಇಳಿಸಬೇಕಾಗುತ್ತದೆ. ನಾಳೆ ಬೆಳಿಗ್ಗೆ ಎಂಟಕ್ಕೇ ಅವರು ಶಾಲು ಹೊದ್ದು ತಯಾರಾಗಿ ಕೂತಿರುತ್ತಾರೆ. ಕುರ್ಚಿ ಎತ್ತಲು ಒಂದೇ ಎತ್ತರದ ಇಬ್ಬರು ಬೇಕು. ಈ ಬದಿಯಲ್ಲಿ ಸದ್ಯ ಒಬ್ಬನಿದ್ದಾನೆ.