ಹಳೆ ಎಣ್ಣೆ ಉಂಟಾ?

ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವ ಘಟಕಕ್ಕೆ ಮುಟ್ಟಿಸುವುದು ನನ್ನ ಕೆಲಸ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು, ಗಾಡಿ ಓಡಿಸಲಿಕ್ಕೆ ಕೊಡಬೇಕು ಅಂತ ಸರಕಾರ ಹೇಳುತ್ತದೆ. ಹೇಳಿ ಸುಮ್ಮನಾಗುತ್ತದೆ, ಬಾಗಿಲಿಗೆ ಹೋಗಿ ಕೇಳುವವನು ನಾನು. ಹಾಗಾಗಿ ಬಂಟ್ವಾಳದಿಂದ ಮೂಡುಬಿದಿರೆಗೆ ಒಂದು ಸುತ್ತು ಹೋಗಿ ಬಂದರೆ, ಪಿಕಪ್‌ನಲ್ಲಿ ಎಣ್ಣೆ ಇಲ್ಲದಿದ್ದರೂ ಒಂದು ಕತೆಯಾದರೂ ಇರುತ್ತದೆ.

ಮಸಾಲೆ

ವಾಮದಪದವಿನ ಮೀನೂಟದ ಹೋಟೆಲಿನ ಯಜಮಾನರಿಗೆ ನನ್ನ ಮೇಲೆ ಗುಮಾನಿ, ಇವನು ನಮ್ಮ ಎಣ್ಣೆಯನ್ನು ಬೇರೆ ಹೋಟೆಲಿಗೆ ಮಾರುತ್ತಾನೆ ಅಂತ. ನನ್ನ ಪಿಕಪ್ ಓಡುವುದೂ ಇಂಥ ಎಣ್ಣೆಯ ಡೀಸೆಲಿನಲ್ಲೇ ಎಂದೆ. ಅವರು ನಂಬದೆ ಹೊರಗೆ ಬಂದು, ಗಾಡಿ ಸ್ಟಾರ್ಟ್ ಮಾಡಿಸಿ, ಸೈಲೆನ್ಸರಿನ ಹತ್ತಿರ ಬಗ್ಗಿ ಮೂಸಿದರು. ಇನ್ನೊಮ್ಮೆ ಮೂಸಿದರು. ಮುಖ ಸಣ್ಣದಾಯಿತು.

“ಬಂಗುಡೆಯ ವಾಸನೆಯೇ ಇಲ್ಲವಲ್ಲ ಮಾರಾಯ್ರೆ. ನಾವು ಅಷ್ಟು ಮಸಾಲೆ ಹಾಕಿದ್ದೆಲ್ಲ ದಂಡ.”

ಬೇರೆ ಡ್ರಮ್

ಮೂಡುಬಿದಿರೆಯ ಸಸ್ಯಾಹಾರಿ ಹೋಟೆಲಿನ ಭಟ್ಟರು ಕ್ಯಾನು ಹಿಡಿದುಕೊಂಡು ಪಿಕಪ್‌ವರೆಗೆ ತಾವೇ ಬಂದರು. ಡ್ರಮ್ಮಿನಲ್ಲಿ ಮೊದಲೇ ಇರುವುದು ಏನು ಕರಿದದ್ದು ಎಂದು ಕೇಳಿದರು. ಮೀನು, ಕೋಳಿ ಎಂದೆ. ಕ್ಯಾನು ಬಂದ ದಾರಿಯಲ್ಲೇ ವಾಪಸು ಹೋಯಿತು. ಇದನ್ನು ಯಾರೂ ತಿನ್ನುವುದಿಲ್ಲ, ಲಾರಿಗೆ ಹಾಕುವುದು ಅಂತ ಎಷ್ಟು ಹೇಳಿದರೂ ಇಲ್ಲ. ಕೊನೆಗೆ ಬೇರೆ ಡ್ರಮ್ ತಂದು ತುಂಬಿಸಿಕೊಂಡೆ. ಹೊರಡುವಾಗ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು:

“ಒಂದು ಉಪಕಾರ ಮಾಡಿ. ನಮ್ಮದನ್ನು ಮೀನಿನ ಲಾರಿಗೆ ಹಾಕಬೇಡಿ.”

ತೋರಿಸಲಿಕ್ಕೆ

ಪುಂಜಾಲಕಟ್ಟೆಯಲ್ಲಿ ಗೋಳಿಬಜೆಗೆ ಹೆಸರಾದ ಒಂದು ಹೋಟೆಲು. ಯಾವಾಗ ಹೋದರೂ ಹಳೆ ಎಣ್ಣೆ ಇಲ್ಲ ಎನ್ನುತ್ತಿದ್ದರು. ಕಾದು ಕಾದು ಮಂದವಾದ ಹಳತನ್ನು ತೆಗೆಯದೆ, ಬಾಣಲೆಯಲ್ಲಿ ಕಡಿಮೆಯಾದ ಹಾಗೆ ಮೇಲಿಂದ ಹೊಸತು ಸುರಿಯುವುದೇ ಅಲ್ಲಿನ ಪದ್ಧತಿ. ಕೊನೆಗೆ ಆ ಬಾಣಲೆಯನ್ನು ಖಾಲಿ ಮಾಡಿಸಿದ್ದು ಹೋಟೆಲಿನ ಯಜಮಾನರೇ, ಅದೂ ತಿಳಿಯದೆ.

ಒಂದು ಬೆಳಿಗ್ಗೆ ಅವರದೇ ಫೋನು. ಆಹಾರ ಸುರಕ್ಷತೆಯ ಅಧಿಕಾರಿ ಬರುತ್ತಾರಂತೆ, ಹಳೆ ಎಣ್ಣೆ ಬೇರೆ ತೆಗೆದಿಟ್ಟದ್ದನ್ನು ತೋರಿಸಬೇಕಂತೆ, ನಿಮ್ಮಲ್ಲಿಂದ ಒಂದು ಕ್ಯಾನ್ ತಂದುಕೊಡಿ ಎಂದರು. ಒಂದು ತೊಟ್ಟು ಕೊಡದವರು ನನ್ನಲ್ಲೇ ಎಣ್ಣೆ ಕೇಳಿದ್ದು ನನಗೆ ತಮಾಷೆಯಾಯಿತು. ಬೇರೆ ಹೋಟೆಲಿನದ್ದು ಒಂದು ಕ್ಯಾನ್ ಇಳಿಸಿ, ಏನಾಗುತ್ತದೆ ನೋಡುವ ಅಂತ ಚಾ ಹೇಳಿ ಮೂಲೆಯಲ್ಲಿ ಕುಳಿತೆ.

ಅಧಿಕಾರಿ ಬಂದು ಮುಚ್ಚಳ ತೆಗೆದು ಹುಬ್ಬು ಗಂಟಿಕ್ಕಿದರು. ಇಷ್ಟು ಕಪ್ಪಾಗುವವರೆಗೆ ಕರಿಯುತ್ತೀರಾ, ನೋಟಿಸು ಕೊಡಬೇಕಾಗುತ್ತದೆ ಎಂದರು. ಯಜಮಾನರು ಬೆವರಿದರು. ಹೇಗಾದರೂ ತಪ್ಪಿಸಿಕೊಳ್ಳಬೇಕಲ್ಲ, ನನ್ನ ಕಡೆ ಕೈ ತೋರಿಸಿದರು.

“ಸರ್, ಇದು ನಮ್ಮ ಎಣ್ಣೆಯೇ ಅಲ್ಲ, ಇವರು ತಂದದ್ದು. ಬೇಕಾದರೆ ನಮ್ಮ ಬಾಣಲೆ ನೋಡಿ. ನಮ್ಮದು ಇಷ್ಟು ತೆಳ್ಳಗೆ ಇರುವುದೇ ಇಲ್ಲ.”