ರಿವರ್ಸ್ ಹಾಕಿದರೆ ಬಯ್ಯುವ ಪಿಕಪ್

ಶನಿವಾರ, ಬೆಳಗ್ಗೆ ಆರೂವರೆ. ಸಂಗೊಳ್ಳಿಯ ನಮ್ಮ ಮನೆಯ ಅಂಗಳ. ಹಾಜರಿದ್ದವರು: ನಾನು, ನನ್ನ ತಮ್ಮ, ಎದುರು ಮನೆಯ ಕಾಕಾ ಮತ್ತು ಒಂದು ಪಿಕಪ್ ಗಾಡಿ. ಗಾಡಿಯನ್ನು ಹಾಜರಿಗೆ ಸೇರಿಸಿದ್ದು ತಮ್ಮನ ಒತ್ತಾಯಕ್ಕೆ. ಅವನ ಪ್ರಕಾರ ಅದು ವಾಹನವಲ್ಲ, ಮನೆಯ ಮನುಷ್ಯ!

ನನ್ನ ತಮ್ಮನ ತಲೆ ಸರಿಯಿಲ್ಲ ಎಂದು ನಾನು ಹೇಳುವುದಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ಆಯುಷ್ಯ ಕಳೆದವಳು ನಾನು. ತಪಾಸಣೆ ಮಾಡದೆ ಯಾರ ಮೇಲೂ ತೀರ್ಮಾನ ಕೊಡುವ ಅಭ್ಯಾಸವಿಲ್ಲ. ಆದರೆ ಹೊಸ ಗಾಡಿ ಮನೆಗೆ ಬಂದ ದಿನವೇ, ಪೂಜೆಯ ಕಾಯಿ ಒಡೆಯುವ ಮೊದಲೇ, ಡ್ರಿಲ್ ಮಷಿನ್ ಹಿಡಿದು ಅದಕ್ಕೆ ತೂತು ಹೊಡೆದವನನ್ನು ನೀವಾದರೂ ಏನೆನ್ನುತ್ತೀರಿ?

"ಕಂಪನಿಯವ್ರು ಅರ್ಧಾ ಗಾಡಿ ಮಾಡಿ ಕೊಡ್ತಾರ ಅಕ್ಕಾ. ಉಳಿದರ್ಧಾ ನಾವ ಮಾಡ್ಕೋಬೇಕು" ಎಂದಿದ್ದ.

ಉಳಿದರ್ಧ ಮಾಡಿ ಮಾಡಿ ಅದು ಈಗ ಒಂದೂವರೆ ಗಾಡಿಯಾಗಿತ್ತು. ಗಾಡಿ ರಸ್ತೆಗೆ ಯೋಗ್ಯವೋ ಇಲ್ಲವೋ ಎಂದು ಪರೀಕ್ಷಿಸುವ ಪಾಸಿಂಗ್‌ಗೆ ಒಯ್ದಾಗ ಸಾಹೇಬರು ಒಂದು ಸುತ್ತು ಹಾಕಿ, "ಇದರಾಗ ಗಾಡಿ ಯಾವುದ್ರಿ?" ಎಂದು ಕೇಳಿದ್ದರಂತೆ. ಹೊರಗಿನಿಂದ ಕೂಡಿಸಿದ್ದನ್ನೆಲ್ಲ ಬಿಚ್ಚಿಕೊಂಡು ಸೋಮವಾರ ಬರಬೇಕು. ಇಲ್ಲದಿದ್ದರೆ ಪಾಸಿಂಗ್ ಇಲ್ಲ. ಪಾಸಿಂಗ್ ಇಲ್ಲದಿದ್ದರೆ ಬಾಡಿಗೆ ಇಲ್ಲ. ಉಳ್ಳಾಗಡ್ಡಿ, ಹತ್ತಿ, ಬೆಲ್ಲ ಹೇರಿಯೇ ಅವನ ಒಲೆ ಉರಿಯುವುದು.

ಆದ್ದರಿಂದ ನಾನು ಕೆಲಸ ವಹಿಸಿಕೊಂಡೆ. ನಟ್ಟು ಒಂದು ಡಬ್ಬಿಗೆ, ಬೋಲ್ಟು ಇನ್ನೊಂದು ಡಬ್ಬಿಗೆ, ವಾಯರು ಸುತ್ತಿ ಬುಟ್ಟಿಗೆ. ಮುಂದಿನಿಂದ ಶುರುವಾಗಿ ಹಿಂದಕ್ಕೆ.

ಮೊದಲು ಬಂಪರು. ಹೊಲದ ಹಳೆಯ ಕುಂಟೆಯ ಕಬ್ಬಿಣವನ್ನು ತಾನೇ ವೆಲ್ಡಿಂಗ್ ಮಾಡಿ ಕೂಡಿಸಿದ್ದು. ಎರಡೂ ತುದಿಗೆ ಎತ್ತಿನ ಕೊಂಬಿನಂತೆ ಮೇಲೆದ್ದ ಕೊಕ್ಕೆ! ಒಮ್ಮೆ ಕಿತ್ತೂರಿನ ಒಂದು ಸಂದಿಯಲ್ಲಿ ಯಾರೋ ಒಣಹಾಕಿದ್ದ ಧೋತರ ಆ ಕೊಂಬಿಗೆ ಸಿಕ್ಕಿತು. ಇವನಿಗೆ ಗೊತ್ತೇ ಇಲ್ಲ. ಧೋತರ ಹಾರಿಸುತ್ತ ಬೈಲಹೊಂಗಲದವರೆಗೆ ಬಂದಿದ್ದಾನೆ. ದಾರಿಯುದ್ದಕ್ಕೂ ಜನ ಕೈ ಮುಗಿದರಂತೆ. ಚಹಾದಂಗಡಿಯಲ್ಲಿ ಒಬ್ಬರು, "ಯಾವ ಪಾರ್ಟಿರಿ ನಿಮ್ದು? ಚಿಹ್ನೆ ಕಾಣವಲ್ದು" ಎಂದು ಕೇಳಿದಾಗಲೇ ಇವನು ಇಳಿದು ನೋಡಿದ್ದು!

ಆಮೇಲೆ ಕ್ಯಾಬಿನ್ನಿನ ತಲೆಯ ಮೇಲಿನ ಕರಿ ಪೈಪು. ಅದರಲ್ಲಿ ನೀರು ತುಂಬಿಸಿ ಬಿಸಿಲಿಗೆ ಕಾಯಿಸಿ, ನಳ ತಿರುಗಿಸಿ ಮುಖ ತೊಳೆಯುವ ಏರ್ಪಾಡು. ಬೇಸಿಗೆಯಲ್ಲಿ ಸವದತ್ತಿಯ ಬಿಸಿಲಿಗೆ ಆ ನೀರಿನಲ್ಲಿ ಚಹಾ ಮಾಡಬಹುದಿತ್ತು. ಅದರ ಮುಚ್ಚಳ ಮಾತ್ರ ಸಡಿಲು.

"ಆ ಪೈಪ್ ಬಿಚ್ಚೋ ಮುಂದ ನನ್ನ ಕರೀರಿ ಸಿಸ್ಟರಬಾಯಿ. ನನ್ನ ಹಳೇ ವೈರಿ ಅದು" ಎಂದರು ಕಟ್ಟೆಯ ಮೇಲಿನ ಕಾಕಾ.

ಅವರ ಸಿಟ್ಟಿಗೆ ಕಾರಣವಿದೆ. ಹೂಲಿಯ ಇಳಿಜಾರಿನಲ್ಲಿ ಕಾಕಾ ಇಸ್ತ್ರಿ ಅಂಗಿ ತೊಟ್ಟು, ಮಗನಿಗೆ ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಬೈಕಿನಲ್ಲಿ ಮುಂದೆ ಹೊರಟಿದ್ದರು. ಇವನು ಮಾತಾಡಿಸಲು ಹತ್ತಿರ ಹೋಗಿ ಗಕ್ಕನೆ ಬ್ರೇಕ್ ಒತ್ತಿದ. ಪೈಪಿನ ನೀರೆಲ್ಲ ಕಾಕಾನ ತಲೆಯ ಮೇಲೆ!

"ಜಳಕಾ ಮಾಡೇ ಹೊಂಟಿದ್ದೆ. ಮತ್ತೊಮ್ಮೆ ಮಾಡ್ಸಿದಾ."

"ಬಿಸಿನೀರ ಇತ್ತಲ್ಲೋ ಕಾಕಾ?" ಎಂದ ತಮ್ಮ, ನೊಂದವನಂತೆ.

ಹೀಗೆ ಏಣಿ ಬಿಚ್ಚಿದೆವು, ಎತ್ತಿಗೆ ಹೊದಿಸುವಂಥ ಬಣ್ಣದ ಜೂಲು ಬಿಚ್ಚಿದೆವು, ದೀಪಗಳನ್ನು ಬಿಚ್ಚಿದೆವು. ಅವೆಲ್ಲ ಒಟ್ಟಿಗೆ ಹೊತ್ತಿದರೆ ಗಾಡಿ ಚಾಲೂ ಆಗುತ್ತಿರಲಿಲ್ಲ, ಆದರೆ ಊರಿಗೆಲ್ಲ ಬೆಳಕಾಗುತ್ತಿತ್ತು. ಒಂದೊಂದು ತೆಗೆದಂತೆ ಗಾಡಿ ಬೋಳಾಯಿತು. ಇದನ್ನೆಲ್ಲ ಕಿತ್ತೆಸೆ ಎಂದು ಇಷ್ಟು ವರ್ಷ ಹೇಳಿದವಳು ನಾನೇ. ಆದರೂ ಮಧ್ಯಾಹ್ನದ ಹೊತ್ತಿಗೆ, ತಲೆ ಬೋಳಿಸಿಕೊಂಡ ರೋಗಿಯಂತೆ ನಿಂತ ಅದನ್ನು ನೋಡಿ, ಸೆರಗಿನಿಂದ ಅದರ ಗಾಜು ಒರೆಸಿದೆ.

ಕೊನೆಗೆ ಉಳಿದದ್ದು ಹಿಂದಿನ ಡಬ್ಬಿ. ಬೇರೆ ಗಾಡಿಗಳು ಹಿಂದೆ ಬರುವಾಗ ಟುಯ್ ಟುಯ್ ಎನ್ನುತ್ತವಲ್ಲ, ಆ ಡಬ್ಬಿ. ನಮ್ಮ ಗಾಡಿ ಟುಯ್ ಎನ್ನುವುದಿಲ್ಲ. ಬಯ್ಯುತ್ತದೆ!

"ಹಿಂದ ನೋಡ್ರೀ! ಕಣ್ಣ ಎಲ್ಲಿಟ್ಟೀರಿ? ಬರ್ರಿ... ಬರ್ರಿ... ಸಾಕ್ ನಿಂದರ್ರಿ!"

ಅದು ಅವನ ಹೆಂಡತಿಯ ದನಿ. ಇವನು ಗಾಡಿ ಹಿಂದೆ ತರುವಾಗೆಲ್ಲ ಅವಳು ಹಿಂದೆ ನಿಂತು ಹೀಗೆ ಕೂಗುತ್ತಿದ್ದಳು. "ನಾ ಏನ್ ದಿನಾ ನಿಮ್ಮ ಗಾಡಿ ಹಿಂದ ನಿಂತಿರ್ಲೇನು?" ಎಂದು ಒಮ್ಮೆ ರೇಗಿದಳು. ಅಷ್ಟೇ ಸಾಕಾಯಿತು. ಅವಳ ಕೂಗನ್ನು ಕದ್ದು ಫೋನಿನಲ್ಲಿ ತುಂಬಿಕೊಂಡು, ಬೈಲಹೊಂಗಲದ ಅಂಗಡಿಯಲ್ಲಿ ಆ ಡಬ್ಬಿಗೆ ಸೇರಿಸಿಬಿಟ್ಟ. ರಾಮದುರ್ಗದ ಮಾರುಕಟ್ಟೆಯಲ್ಲಿ ಮೊದಲ ಸಲ ಅದು ಬಾಯಿ ತೆಗೆದಾಗ, ಮೂಟೆ ಹೊತ್ತ ಹಮಾಲನೊಬ್ಬ ಯಾರೋ ಅಮ್ಮಾವ್ರು ಬಯ್ದರೆಂದು ಬೆಚ್ಚಿ, "ತಪ್ಪಾತ್ರಿ ಬಾಯಾರ" ಎಂದು ಮೂಟೆ ಇಳಿಸಿದನಂತೆ!

ಸುದ್ದಿ ತಿಳಿದು ಅವಳು ರಂಪ ಮಾಡಿದಳು. "ನನ್ನ ಬಾಯಿ ಊರೂರಿಗೆ ಮೆರಸ್ತೀರಲ್ಲ!" ವಾರ ಕಳೆಯುವುದರೊಳಗೆ ತಾನೇ ಮೆಲ್ಲಗೆ ಕೇಳತೊಡಗಿದಳು: "ಇವತ್ತ ಯಾರ‍್ಯಾರು ಹೊಳ್ಳಿ ನೋಡಿದ್ರು?"

ಈಗ ಕೇಳುವವಳಿಲ್ಲ. ಹೋದ ವರ್ಷ ಜ್ವರವೆಂದು ಮಲಗಿದವಳು ಏಳಲಿಲ್ಲ. ಎಷ್ಟೋ ಆಸ್ಪತ್ರೆ ಕಂಡ ನನ್ನ ಕೈಯಲ್ಲೂ ಏನೂ ಆಗಲಿಲ್ಲ. ಅಂದಿನಿಂದ ಮಾರುಕಟ್ಟೆಯಲ್ಲಿ ಆ ದನಿ ಕೇಳಿದರೆ ಯಾರೂ ನಗುವುದಿಲ್ಲ. "ವೈನಿ ಬಂದ್ರು, ಸರೀರಿ" ಎಂದು, ಅತ್ತಿಗೆಗೆ ಕೊಡುವ ಮರ್ಯಾದೆ ಕೊಟ್ಟು, ಹಮಾಲರು ದಾರಿ ಬಿಡುತ್ತಾರೆ.

ನಟ್ಟು ಬಿಚ್ಚುವ ಪಾನಾ ಹಿಡಿದ ತಮ್ಮ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತವನು ಹಾಗೇ ಕುಳಿತ.

"ವಾಯರ್ ಬಿಚ್ಚಿದ್ರ ಒಳಗಿನ ದನಿ ಅಳಿಸಿ ಹೋಗ್ತೈತಂತ ಅಕ್ಕಾ. ಅಂಗಡಿಯಂವ ಹೇಳಿದ್ದ."

ಆಗ ನನಗೆ ಅರ್ಥವಾಯಿತು. ಸೀಟಿನ ಹಿಂದೆ ಇನ್ನೊಂದು ಬ್ಯಾಟರಿ ಇಟ್ಟುಕೊಂಡು ತಿರುಗುತ್ತಿದ್ದುದನ್ನು ಹುಚ್ಚಾಟಗಳ ಲೆಕ್ಕಕ್ಕೆ ಸೇರಿಸಿದ್ದೆ. ಅದನ್ನಿಟ್ಟದ್ದು, ಒಂದು ಬ್ಯಾಟರಿ ಸತ್ತರೂ ಅವಳ ದನಿ ಆರದಿರಲಿ ಎಂದು!

"ಅವನ ಹಳೇ ಫೋನಿನ್ಯಾಗ ಇರಬೇಕಲ್ಲ?" ಎಂದರು ಕಾಕಾ.

"ನೀರ ಸೇದೋ ಮುಂದ ಭಾಂವ್ಯಾಗ ಬಿತ್ತದು" ಎಂದ ತಮ್ಮ.

ನಾನು ನನ್ನ ಫೋನು ತೆಗೆದೆ. "ರಿವರ್ಸ್ ಹಾಕು. ಮೊದಲ ತುಂಬ್ಕೊಳ್ಳೋಣ, ಆಮ್ಯಾಲೆ ಬಿಚ್ಚು." ಗೇರು ಬಿತ್ತು. ಅವಳು ಬಯ್ದಳು. ನಡುವೆ ಕಾಕಾ ಸೀನಿದರು. ಎರಡನೆಯ ಸಲ ಕಾಕಾ ಮೂಗು ಹಿಡಿದುಕೊಂಡು ನಿಂತರು. ಸ್ವಚ್ಛವಾಗಿ ಬಂತು. ನಾನು ತಮ್ಮನ ಕಿವಿಗೆ ಹಿಡಿದು ಕೇಳಿಸಿದೆ.

ಕೇಳಿದ. ತಲೆಯಾಡಿಸಿದ. "ಐತಿ. ಆದ್ರ ಇದು ಬ್ಯಾರೆ ಅಕ್ಕಾ. ಅಲ್ಲಿ ಆಕಿ ಹಿಂದ ನಿಂತಂಗ ಇರತಿತ್ತು."

ನಾನು ಇಕ್ಕಳ ಅವನ ಕೈಗೆ ಕೊಟ್ಟೆ. ಅವನೇ ವಾಯರ್ ಕತ್ತರಿಸಿದ. ಡಬ್ಬಿಯನ್ನು ಬುಟ್ಟಿಗೆ ಹಾಕಲಿಲ್ಲ, ಒಳಗೆ ಒಯ್ದು ದೇವರ ಜಗಲಿಯ ಮೇಲಿಟ್ಟ.

ಸಂಜೆ ಆರು ಗಂಟೆ. ಅಂಗಳ ಗುಡಿಸಿಯಾಗಿತ್ತು, ನಟ್ಟು-ಬೋಲ್ಟಿನ ಡಬ್ಬಿಗಳಿಗೆ ಮುಚ್ಚಳ ಬಿದ್ದಿತ್ತು. ಗಾಡಿಯನ್ನು ಶೆಡ್ಡಿಗೆ ಹಾಕುವುದೊಂದೇ ಬಾಕಿ. ತಮ್ಮ ಹತ್ತಿ ಕುಳಿತ, ರಿವರ್ಸ್ ಹಾಕಿದ. ಗಾಡಿ ಸುಮ್ಮನೆ ಗುರುಗುಟ್ಟುತ್ತ ನಿಂತಿತು. ಕನ್ನಡಿಯಲ್ಲೇ ಕಣ್ಣಿಟ್ಟಿದ್ದಾನೆ, ಕ್ಲಚ್ ಬಿಡುತ್ತಿಲ್ಲ.

ಕಾಕಾ ನನ್ನ ಕಡೆ ನೋಡಿದರು. ನಾನು ಸೆರಗು ಸಿಕ್ಕಿಸಿಕೊಂಡು ಗಾಡಿಯ ಹಿಂದೆ ಹೋಗಿ ನಿಂತೆ.

"ಹಿಂದ ನೋಡೋ! ಕಣ್ಣ ಎಲ್ಲಿಟ್ಟಿ?"

ಗಾಡಿ ಅಲುಗಿತು.

"ಬಾ... ಬಾ... ಇನ್ನೊಂದೀಟ ಬಾ... ಸಾಕ್, ನಿಂದರು."

ನಿಂತಿತು. ನಾನು ಬಗ್ಗಿ ಗಾಲಿಗೆ ಕಲ್ಲು ಕೊಟ್ಟೆ.